ಊಟದ ಹೊತ್ತಿನ ಮುಷ್ಕರ

ಆ ಟೈಲರ್ ಅಂಗಡಿಗೆ ಇದ್ದದ್ದು ಒಂದೇ ಕಿಟಕಿ. ಕಿಟಕಿಗೆ ಅಡ್ಡವಾಗಿ ಮರದ ಕಪಾಟೊಂದು ನಿಂತಿತ್ತು. ಕಪಾಟಿನ ತುಂಬ ಮೂವತ್ತೊಂದು ಅಳತೆ ಪುಸ್ತಕಗಳು ಬೆಳಗಿನಿಂದ ಸಂಜೆಯವರೆಗೆ ಆರಾಮಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಪುಸ್ತಕಗಳಿಗೆ ಬೆಳಕು ಕಟ್ಟಿಕೊಂಡು ಆಗಬೇಕಾದ್ದೇನು? ಬೆಳಕು ಬೇಕಾಗಿದ್ದವಳು ಸೊಸೆ. ಅವಳು ಕೂರುತ್ತಿದ್ದದ್ದು ಟ್ರಯಲ್ ರೂಮಿನ ಪರದೆಯ ಪಕ್ಕ, ಗೇಣೆತ್ತರದ ಸ್ಟೂಲಿನ ಮೇಲೆ. ಒಳಗೆ ಪ್ಯಾಂಟು ಹಾಕಿ ನೋಡುವವರು ಒಂಟಿಕಾಲಿನಲ್ಲಿ ವಾಲಿದಾಗಲೆಲ್ಲ ಅವರ ಮೊಣಕೈ ಪರದೆಯ ಸಮೇತ ಬಂದು ಅವಳ ತಲೆಗೆ ಬಡಿಯುತ್ತಿತ್ತು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಅವಳು ಗಿರಾಕಿಗಳನ್ನು ಮುಖಕ್ಕಿಂತ ಮೊಣಕೈಯಿಂದಲೇ ಚೆನ್ನಾಗಿ ಗುರುತಿಸುವಂತಾಗಿದ್ದಳು.

ಅಂಗಡಿ ಅತ್ತೆಯದು. ಬಟ್ಟೆ ಕತ್ತರಿಸುವವನು ಅತ್ತೆಯ ಮಗ, ಅಂದರೆ ಸೊಸೆಯ ಗಂಡ. ಕಾಜಾ, ಗುಂಡಿ, ಅಂಚು ಹೊಲಿಯುವುದು ಸೊಸೆಯ ಪಾಲು. ಅಳತೆ ಮಾತ್ರ ಅತ್ತೆಯದೇ, ಅದರಲ್ಲಿ ಅವರು ಎತ್ತಿದ ಕೈ. ಟೇಪು ಹಿಡಿಯುವ ಮೊದಲೇ ಮನುಷ್ಯನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡುಬಿಡುತ್ತಿದ್ದರು. ಟೇಪು ಏನಿದ್ದರೂ ಅದಕ್ಕೆ ಹೂಂ ಅನ್ನಬೇಕು, ಅಷ್ಟೆ. ಪುಸ್ತಕದಲ್ಲಿ ಅವರು ಬರೀ ಇಂಚುಗಳನ್ನು ಬರೆಯುತ್ತಿರಲಿಲ್ಲ. ಪ್ರತಿ ಹೆಸರಿನ ಮುಂದೆ ಒಂದು ಷರಾ ಇರುತ್ತಿತ್ತು. ‘ಎಡ ಭುಜ ತಗ್ಗು, ಹೇಳಬಾರದು.’ ‘ತೆಳ್ಳಗಾಗ್ತೀನಿ ಅಂತಾರೆ, ನಂಬಬೇಡ.’ ‘ಅಳತೆ ಕೊಡುವಾಗ ಉಸಿರು ಹಿಡಿಯುತ್ತಾರೆ, ಸೊಂಟಕ್ಕೆ ಒಂದೂವರೆ ಇಂಚು ಸೇರಿಸು.’ ಈ ಕೊನೆಯ ಷರಾ ಮೂವತ್ತೊಂದು ಪುಸ್ತಕಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬಂದಿತ್ತು. ಊರಿನ ಅರ್ಧ ಜನ ಟೇಪು ಕಂಡರೆ ಉಸಿರಾಡುವುದನ್ನೇ ಬಿಡುತ್ತಿದ್ದರು ಅಂತ ಕಾಣುತ್ತದೆ.

ತೊಂದರೆ ಒಂದೇ. ಅತ್ತೆಯ ಅಕ್ಷರವನ್ನು ಅತ್ತೆ ಬಿಟ್ಟರೆ ಬೇರೆಯವರಿಗೆ ಓದಲಾಗುತ್ತಿರಲಿಲ್ಲ. ಆದ್ದರಿಂದ ಸೊಸೆ ಒಂದು ಹಳೆಯ ಲ್ಯಾಪ್‌ಟಾಪ್ ತಂದು ತನ್ನ ಸ್ಟೂಲಿನ ಪಕ್ಕದಲ್ಲಿಟ್ಟಳು. ಮೂರು ತಿಂಗಳು ಅತ್ತೆಯ ಬೆನ್ನು ಹತ್ತಿ ಓದಿಸಿಕೊಂಡು, ಸಾವಿರದ ಆರುನೂರ ನಲವತ್ತು ಜನರ ಎದೆ, ಸೊಂಟ, ತೋಳು, ಷರಾ ಎಲ್ಲವನ್ನೂ ಅದರೊಳಗೆ ತುಂಬಿದಳು. ದಿನವೂ ಒಂದೂಕಾಲಕ್ಕೆ, ಎಲ್ಲರೂ ಊಟಕ್ಕೆ ಎದ್ದಿರುವಾಗ, ಲ್ಯಾಪ್‌ಟಾಪ್ ತನ್ನನ್ನು ತಾನೇ ಒಮ್ಮೆ ಗುಡಿಸಿ ಒರೆಸಿಕೊಂಡು, ಒಳಗಿದ್ದ ಅಳತೆಗಳನ್ನೆಲ್ಲ ಪಕ್ಕದ ಸಣ್ಣ ಕರಿ ಡಬ್ಬಿಗೆ ಬ್ಯಾಕಪ್, ಅಂದರೆ ಇನ್ನೊಂದು ಪ್ರತಿ, ತೆಗೆದಿಡಬೇಕು. ಸಂಜೆ ಅತ್ತೆ ಅಂಗಡಿಯ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಿದ್ದರಿಂದ ಊಟದ ಹೊತ್ತೇ ಗತಿ. ವ್ಯವಸ್ಥೆಯೇನೋ ಚೊಕ್ಕವಾಗಿತ್ತು. ನಲವತ್ತು ದಿನ ಕಳೆದು ಸೊಸೆ ಕರಿ ಡಬ್ಬಿಯನ್ನು ತೆರೆದು ನೋಡಿದರೆ ಒಳಗೆ ಒಂದೇ ಒಂದು ಸೊಂಟವೂ ಇರಲಿಲ್ಲ.

ಇದು ಗೊತ್ತಾದದ್ದು ಒಂದು ಸೋಮವಾರ, ಅದೂ ಅತ್ತೆಯ ಎದುರಿಗೇ.

"ನಲವತ್ತು ದಿನ ಏನು ಮಾಡ್ತಿತ್ತು ಹಾಗಾದ್ರೆ?" ಎಂದರು ಅತ್ತೆ.

"ಗೊತ್ತಿಲ್ಲ ಅತ್ತೆ. ಸುಮ್ನೆ ಇತ್ತು ಅನ್ಸುತ್ತೆ."

"ನಾವು ಊಟಕ್ಕೆ ಎದ್ದ ಕೂಡ್ಲೆ ಅದೂ ಕೆಲಸ ಬಿಟ್ಟು ಕೂರುತ್ತೆ. ಮುಷ್ಕರ!" ಅತ್ತೆ ಟೇಪನ್ನು ಕೊರಳಿಗೆ ಹಾಕಿಕೊಂಡರು. ತೀರ್ಪು ಕೊಡುವಾಗ ಅವರು ಹಾಗೆ ಮಾಡುತ್ತಿದ್ದರು. "ನೋಡಮ್ಮಾ, ಶನಿವಾರ ಮೂರು ಗಂಟೆಗೆ ಬಡಗಿ ಬರ್ತಾನೆ. ಮೂವತ್ತೆರಡನೇ ಪುಸ್ತಕಕ್ಕೆ ಕಪಾಟಿಗೆ ಇನ್ನೊಂದು ಹಲಗೆ ಹಾಕಿಸ್ಬೇಕು ಅಂತಿದ್ದೀನಿ. ಅಷ್ಟರೊಳಗೆ ನಿನ್ನ ಯಂತ್ರ ಒಂದೇ ಒಂದು ಸಲ, ಯಾರೂ ತಿವಿಯದೆ, ತಾನಾಗಿ ಪ್ರತಿ ತೆಗೆದು ತೋರಿಸ್ಲಿ. ತೆಗೆದ್ರೆ ಕಪಾಟು ಬಿಚ್ಚಿಸಿ ಪುಸ್ತಕ ಎಲ್ಲಾ ಹಿಂದಿನ ಕೋಣೆಗೆ ಹಾಕ್ತೀನಿ. ಕಿಟಕಿ ಹತ್ರ ನಿಂಗೊಂದು ಮೇಜು. ತೆಗೀಲಿಲ್ಲ ಅಂದ್ರೆ ಹಲಗೆ ಹಾಕ್ತಾನೆ, ಯಂತ್ರ ಮನೆಗೆ ಹೋಗುತ್ತೆ. ಸರಿನಾ?"

ಕಿಟಕಿಯ ಹತ್ತಿರ ಮೇಜು! ಕರಿ ಬಟ್ಟೆಗೆ ಕರಿ ದಾರದಲ್ಲಿ ಕಾಜಾ ಹಾಕುವಾಗ ಕಣ್ಣು ಕಿರಿದು ಮಾಡದೆ ಕೂರುವ ಮೇಜು, ಯಾವ ಮೊಣಕೈಯೂ ತಲುಪದ ಮೇಜು. ಸೊಸೆ ಸರಿ ಎಂದಳು. ಎಂದ ಮೇಲೆ ಶನಿವಾರ ಎಷ್ಟು ಹತ್ತಿರವಿದೆ ಎಂದು ಬೆರಳು ಮಡಿಸಿ ನೋಡಿದಳು.

ಆ ಅಂಗಡಿಯ ಊಟದ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಮೂವತ್ತು ವರ್ಷದ ಹಿಂದೆ, ಅತ್ತೆ ಊಟಕ್ಕೆ ಎದ್ದಾಗ ಇಸ್ತ್ರಿ ಪೆಟ್ಟಿಗೆ ಆರಿಸುವುದನ್ನು ಮರೆತು, ಬ್ಯಾಂಡ್ ಮೇಷ್ಟ್ರೊಬ್ಬರ ಕೋಟಿನ ಬೆನ್ನಿನ ಮೇಲೆ ಪೆಟ್ಟಿಗೆಯಾಕಾರದ ತೂತು ಬಿದ್ದಿತ್ತು. ಅದೇ ಸಂಜೆ ಸಂಗೀತ ಕಛೇರಿ, ಬೇರೆ ಕೋಟಿಲ್ಲ. ಪಾಪ, ಬ್ಯಾಂಡ್ ಮೇಷ್ಟ್ರದು ಸಭೆಗೆ ಬೆನ್ನು ಕೊಟ್ಟೇ ನಿಲ್ಲಬೇಕಾದ ಕಸುಬು. ಎರಡು ಗಂಟೆ ಕಾಲ ಊರಿಗೆ ಊರೇ ಆ ತೂತನ್ನು ನೋಡಿತು. ಅಂದಿನಿಂದ ಅತ್ತೆ ಒಂದು ಕಟ್ಟಳೆ ಮಾಡಿದರು. ಬಿಸಿಯಾಗುವ ಯಾವುದರ ವೈರೂ ಊಟದ ಹೊತ್ತಿನಲ್ಲಿ ಗೋಡೆಯಲ್ಲಿರಕೂಡದು. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚನ್ನು ಅವರು ನಂಬುವವರಲ್ಲ. ಹಳೆಯ ಕಾಲದ ಆ ಪೆಟ್ಟಿಗೆಗಳ ವೈರು ಎರಡೂ ತುದಿ ಕಳಚಿಕೊಂಡು ಬರುತ್ತಿತ್ತು. ಅತ್ತೆ ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದರು, ವೈರುಗಳನ್ನು ಕಳಚಿ ಸುತ್ತಿ, ಹಿಂದಿನ ಕೋಣೆಗೆ ತಂದು ಊಟದ ಮೇಜಿನ ನಡುವೆ ಇಡುತ್ತಿದ್ದರು.

"ಕಣ್ಣೆದುರಿಗಿದ್ರೆ ತುತ್ತು ಗಂಟಲಲ್ಲಿ ಇಳಿಯುತ್ತೆ," ಎನ್ನುತ್ತಿದ್ದರು.

ಹೀಗಾಗಿ ಆ ಮನೆಯವರು ಮೂವತ್ತು ವರ್ಷದಿಂದ ಕರಿ ವೈರುಗಳ ಸುತ್ತ ಕೂತು ಉಣ್ಣುತ್ತಿದ್ದರು. ನೀರಿನ ಜಗ್ಗಿಗೆ ಕೈ ಚಾಚಬೇಕಾದರೆ ಮೊದಲು ವೈರು ಸರಿಸಬೇಕು. ಅದು ಎಲ್ಲರಿಗೂ ರೂಢಿಯಾಗಿಹೋಗಿತ್ತು. ಅತ್ತೆ ಗಬಗಬ ಉಂಡು ಎಲ್ಲರಿಗಿಂತ ಮೊದಲೇ ಎದ್ದು, ವೈರುಗಳನ್ನು ಮತ್ತೆ ಅದರದರ ಜಾಗಕ್ಕೆ ಸಿಕ್ಕಿಸಿಬಿಡುತ್ತಿದ್ದರು.

ಸೋಮವಾರವೇ ಸೊಸೆ ಲ್ಯಾಪ್‌ಟಾಪ್ ಮಾರಿದವನಿಗೆ ಫೋನು ಹಚ್ಚಿದಳು. ಯಾವ ರೋಗ ಹೇಳಿದರೂ "ಒಂದು ಸಲ ರೀಸ್ಟಾರ್ಟ್ ಮಾಡಿ" ಎನ್ನುತ್ತಿದ್ದರಿಂದ ಅವನಿಗೆ ರೀಸ್ಟಾರ್ಟಣ್ಣ ಎಂದೇ ಹೆಸರು ಬಿದ್ದಿತ್ತು. ಅವನು ಇವಳನ್ನು ಅಕ್ಕ ಎನ್ನುತ್ತಿದ್ದ, ಇವಳು ಅವನನ್ನು ಅಣ್ಣ ಎನ್ನುತ್ತಿದ್ದಳು. ಯಾರು ದೊಡ್ಡವರೆಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.

"ಒಂದು ಸಲ ರೀಸ್ಟಾರ್ಟ್ ಮಾಡಿ ಅಕ್ಕ."

"ಮಾಡಿದೆ ಅಣ್ಣ. ಮೂರು ಸಲ."

"ಹಾಗಾದ್ರೆ ಅದು ನಿದ್ದೆ ಮಾಡ್ತಿದೆ. ಹತ್ತು ನಿಮಿಷ ಯಾರೂ ಮುಟ್ಟಲಿಲ್ಲ ಅಂದ್ರೆ ಕರೆಂಟ್ ಉಳಿಸೋಕೆ ನಿದ್ದೆಗೆ ಹೋಗುತ್ತೆ. ನೀವು ಊಟಕ್ಕೆ ಏಳೋದು ಒಂದಕ್ಕೆ, ಒಂದೂ ಹತ್ತಕ್ಕೆ ಅದು ಮಲಗ್ತು. ಒಂದೂಕಾಲಕ್ಕೆ ಎಬ್ಬಿಸೋರು ಯಾರು? ಸೆಟ್ಟಿಂಗ್ಸಿಗೆ ಹೋಗಿ, ನಿದ್ದೆ ‘ಎಂದೂ ಬೇಡ’ ಅಂತ ಮಾಡಿ."

ಸೊಸೆ ಹಾಗೇ ಮಾಡಿದಳು. ಒಂದು ಜೀವಕ್ಕೆ ನಿದ್ದೆ ಎಂದೂ ಬೇಡ ಎಂದು ಗುಂಡಿ ಒತ್ತುವಾಗ ಅವಳಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೂ ಮೇಜಿನ ಆಸೆ ದೊಡ್ಡದು.

ಮಂಗಳವಾರ ಊಟ ಮುಗಿಸಿ ಬಂದು ನೋಡಿದರೆ ಡಬ್ಬಿ ಖಾಲಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿತ್ತು.

"ರೀ, ಇದನ್ನ ಯಾರು ಮುಚ್ಚಿದ್ದು?"

"ನಾನೇ," ಎಂದ ಗಂಡ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ. "ದಿನಾ ಮುಚ್ತೀನಿ. ನೂಲಿನ ಧೂಳು ಬೀಳುತ್ತಲ್ಲ."

ಮುಚ್ಚಳ ಮುಚ್ಚಿದರೆ ಮಲಗು ಎಂದೂ ಒಂದು ಸೆಟ್ಟಿಂಗ್ ಇತ್ತು. ರೀಸ್ಟಾರ್ಟಣ್ಣ ಅದನ್ನೂ ತೆಗೆಸಿದ. ಆದರೂ ಬುಧವಾರ ಸೊಸೆ ಮುಚ್ಚಳವನ್ನು ತೆರೆದೇ ಇಟ್ಟು, ಮುಟ್ಟಿದರೆ ನೋಡಿ ಎಂಬಂತೆ ಗಂಡನತ್ತ ಕಣ್ಣು ಬಿಟ್ಟು ಊಟಕ್ಕೆ ಹೋದಳು. ತುತ್ತು ಇಳಿಯಲಿಲ್ಲ. ಒಂದೂ ಇಪ್ಪತ್ತಕ್ಕೆ ಕೈ ತೊಳೆಯುವ ನೆಪದಲ್ಲಿ ಎದ್ದು, ಬಾಗಿಲ ಸಂದಿಯಿಂದ ಇಣುಕಿದಳು. ಅಂಗಡಿಯಲ್ಲಿ ನರಪಿಳ್ಳೆಯಿಲ್ಲ. ಲ್ಯಾಪ್‌ಟಾಪಿನ ಮೇಲಿನ ಬಾಣದ ಗುರುತು ಮಾತ್ರ ತನ್ನ ಪಾಡಿಗೆ ತಾನು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಅಡ್ಡಾಡುತ್ತಿತ್ತು.

ಸೊಸೆ ಓಡಿಬಂದು ಗಂಡನ ರಟ್ಟೆ ಹಿಡಿದಳು. "ಯಾರೋ ಕೂತು ಕೆಲಸ ಮಾಡ್ತಿದ್ದಾರೆ, ಆದ್ರೆ ಯಾರೂ ಇಲ್ಲ!"

ಗಂಡ ಕತ್ತರಿ ಹಿಡಿದು ಮುಂದೆ ಹೋದ, ಅವಳು ಅವನ ಅಂಗಿ ಹಿಡಿದು ಹಿಂದೆ. ನೋಡಿದರೆ ದೆವ್ವವೂ ಇಲ್ಲ, ಕಳ್ಳನೂ ಇಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಗಾಳಿಗೆ ಟ್ರಯಲ್ ರೂಮಿನ ಪರದೆ ತೂಗಿ ತೂಗಿ ಬಂದು ಮೌಸನ್ನು ನೇವರಿಸಿ ಹೋಗುತ್ತಿತ್ತು. ಫೋನಿನಲ್ಲಿ ಇದನ್ನು ಕೇಳಿದ ರೀಸ್ಟಾರ್ಟಣ್ಣ ಉಕ್ಕಿದ ನಗು ತಡೆದುಕೊಂಡು, "ಯಾರೂ ಕೆಲಸ ಮಾಡದೆ ಇರುವಾಗ ಮಾತ್ರ ಬ್ಯಾಕಪ್ ಶುರು ಮಾಡು ಅಂತ ಇದೆ ಅಕ್ಕ. ನಿಮ್ಮ ಪರದೆ ದಿನಾ ಓವರ್‌ಟೈಮ್ ಮಾಡ್ತಿದೆ," ಎಂದ. ಆ ಷರತ್ತನ್ನೂ ತೆಗೆಸಿದ. ಸೊಸೆ ಪರದೆಯನ್ನು ಹಿಡಿದು ನಾಲ್ಕು ಗುಂಡುಸೂಜಿ ಚುಚ್ಚಿ ಗೋಡೆಗೆ ಬಿಗಿದಳು. ಇಷ್ಟು ದಿನ ತಲೆಗೆ ಬಡಿದದ್ದಕ್ಕೂ ಸೇರಿಸಿ ಕೊನೆಯ ಸೂಜಿಯನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದಳು.

ಗುರುವಾರವೂ ಡಬ್ಬಿ ಖಾಲಿ.

ಆ ಮಧ್ಯಾಹ್ನ ರೀಸ್ಟಾರ್ಟಣ್ಣ ಖುದ್ದಾಗಿ ಬಂದ. ಸೊಸೆಯ ಸ್ಟೂಲಿನ ಮೇಲೆ ಕೂತು, ಲ್ಯಾಪ್‌ಟಾಪಿನೊಳಗೆ ಒಂದು ಉದ್ದ ಪಟ್ಟಿ ತೆಗೆದು ಓದಿ ಹುಬ್ಬು ಗಂಟಿಕ್ಕಿದ. "ಅಕ್ಕ, ಇಲ್ಲಿ ಬರೆದಿದೆ. ಒಂದೂಕಾಲಕ್ಕೆ ಇದು ಬ್ಯಾಟರಿ ಮೇಲಿತ್ತಂತೆ. ಗೋಡೆಯಿಂದ ಕರೆಂಟ್ ಬರ್ತಿದ್ರೆ ಮಾತ್ರ ಬ್ಯಾಕಪ್ ತೆಗಿ, ಬ್ಯಾಟರಿ ಮೇಲಿದ್ರೆ ಬೇಡ ಅಂತ ಒಂದು ಷರತ್ತು ಇರುತ್ತೆ. ಅದಕ್ಕೇ ತೆಗೆದಿಲ್ಲ."

"ಸಾಧ್ಯವೇ ಇಲ್ಲ," ಎಂದಳು ಸೊಸೆ. "ಬೆಳಗ್ಗೆ ಬಂದಾಗ ವೈರು ಹಾಕಿದ್ರೆ ಸಂಜೆವರೆಗೂ ಹಾಕಿದ್ದೇ. ಯಾವಾಗ ನೋಡಿದ್ರೂ ಚಾರ್ಜಿನ ದೀಪ ಉರೀತಾನೇ ಇರುತ್ತೆ. ಅತ್ತೆ, ನೀವೇ ಹೇಳಿ, ಉರೀತಿರಲ್ವಾ?"

"ಉರೀತಿರುತ್ತಪ್ಪ," ಎಂದರು ಅತ್ತೆ. ಸುಳ್ಳೇನೂ ಅಲ್ಲ.

"ಕರೆಂಟ್ ಹೋಗಿರ್ಬೇಕು," ಎಂದ ರೀಸ್ಟಾರ್ಟಣ್ಣ.

"ದಿನಾ ಒಂದು ಗಂಟೆಗೆ, ನಮ್ಮ ಅಂಗಡಿಯ ಈ ಒಂದೇ ಮೂಲೆಯಲ್ಲಿ? ಫ್ಯಾನು ತಿರುಗ್ತಾನೇ ಇರುತ್ತಲ್ಲ!"

ಗಂಡ ಸಾಕೆಟ್ ಬಿಚ್ಚಿ, ಒಳಗೆ ಊದಿ, ಮತ್ತೆ ಬಿಗಿದ. ಏನೂ ಸಡಿಲ ಇರಲಿಲ್ಲ. ರೀಸ್ಟಾರ್ಟಣ್ಣ ತಲೆ ಕೆರೆದುಕೊಂಡು ಆ ಷರತ್ತಿನ ಗುರುತನ್ನೇ ಅಳಿಸಿಬಿಟ್ಟ. "ಇನ್ನು ಬ್ಯಾಟರಿ ಆಗ್ಲಿ, ಗೋಡೆ ಆಗ್ಲಿ, ತೆಗೆದೇ ತೆಗೆಯುತ್ತೆ. ಸುಮಾರು ಇಪ್ಪತ್ತು ನಿಮಿಷದ ಕೆಲಸ. ಆಗ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ," ಎಂದು ಹೇಳಿಹೋದ. ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಬದಲಾಯಿಸುವುದು ಕಷ್ಟವಿತ್ತು.

ಶುಕ್ರವಾರ ಒಂದೂವರೆಗೆ ಸೊಸೆ ಓಡಿಬಂದಾಗ ಲ್ಯಾಪ್‌ಟಾಪ್ ಕಪ್ಪಾಗಿ ಕೂತಿತ್ತು. ಚಾರ್ಜಿನ ದೀಪ ಮಾತ್ರ ಎಂದಿನಂತೆ ಉರಿಯುತ್ತಿತ್ತು. ಹೊತ್ತಿಸಿ ನೋಡಿದಳು. ಒಂದೂಕಾಲಕ್ಕೆ ಬ್ಯಾಕಪ್ ಶುರುವಾಗಿತ್ತು! ನಲವತ್ತು ಚಿಲ್ಲರೆ ದಿನದಲ್ಲಿ ಮೊದಲ ಸಲ. ಒಂದೂ ಇಪ್ಪತ್ತೇಳಕ್ಕೆ, ನೂರಕ್ಕೆ ಎಪ್ಪತ್ತೊಂದು ಪಾಲು ಮುಗಿದಿರುವಾಗ, ಬ್ಯಾಟರಿ ಖಾಲಿಯಾಗಿ ಯಂತ್ರ ಆರಿಹೋಗಿತ್ತು. ಅರ್ಧಂಬರ್ಧ ಪ್ರತಿ ಏನಕ್ಕೂ ಬಾರದು, ಅದು ತನ್ನನ್ನು ತಾನೇ ಅಳಿಸಿಕೊಂಡಿತ್ತು.

"ಹಳೇ ಬ್ಯಾಟರಿ ಅಕ್ಕ, ಅಷ್ಟು ದಮ್ಮಿಲ್ಲ," ಎಂದ ರೀಸ್ಟಾರ್ಟಣ್ಣ ಫೋನಿನಲ್ಲಿ. "ಆದ್ರೆ ವೈರು ಹಾಕಿದ್ದೂ ಬ್ಯಾಟರಿ ಹೇಗೆ ಖಾಲಿ ಆಯ್ತು ಅನ್ನೋದೇ ನಂಗೆ ತಿಳೀತಿಲ್ಲ." ಆಮೇಲೆ, "ಒಂದು ಸಲ ರೀಸ್ಟಾರ್ಟ್..." ಎಂದ. ಸೊಸೆ ಫೋನು ಇಟ್ಟುಬಿಟ್ಟಳು.

ಅತ್ತೆ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟರು. "ಬಿಡಮ್ಮಾ. ನೀನು ಪಟ್ಟ ಪಾಡು ನೋಡಿದ್ದೀನಿ. ನಾಳೆ ಬಡಗಿಗೆ ಹಲಗೆನೇ ಹಾಕು ಅಂತೀನಿ."

ಬೈದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಸಮಾಧಾನ ಮಾಡಿದ್ದೇ ತಡ, ಅವಳು ಗುಂಡುಸೂಜಿ ಕಿತ್ತು ಪರದೆ ಎಳೆದುಕೊಂಡು ಟ್ರಯಲ್ ರೂಮಿನೊಳಗೆ ಹೊಕ್ಕು ಅತ್ತಳು. ಮೂರು ತಿಂಗಳು ಕಣ್ಣು ಕಿರಿದು ಮಾಡಿಕೊಂಡು ತುಂಬಿದ ಅಳತೆಗಳು, ಕಣ್ಣಿಗೆ ಕಟ್ಟಿದಂತಿದ್ದ ಮೇಜು, ಎಲ್ಲ ನೆನಪಾಗಿ ಮತ್ತೆ ಅತ್ತಳು. ಹೊರಗೆ ಅಂಚೆ ಕಛೇರಿಯ ಗುಮಾಸ್ತರೊಬ್ಬರು ಹೊಸ ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡು ಕಾಯುತ್ತಿದ್ದರು. ಒಳಗಿನಿಂದ ಬಿಕ್ಕುವ ಸದ್ದು ಕೇಳಿ ಅವರು ಗಂಡನ ಕಿವಿಯಲ್ಲಿ, "ಯಾರದ್ದೋ ಬಟ್ಟೆ ತುಂಬಾ ಬಿಗಿ ಆಗಿದೆ ಅಂತ ಕಾಣುತ್ತೆ," ಎಂದರು.

ಶನಿವಾರ ಬಂತು. ಬಡಗಿಗೆ ಅತ್ತೆ ಬೆಳಗ್ಗೆಯೇ ಫೋನು ಮಾಡಿ ಹಲಗೆಯ ಅಳತೆ ಹೇಳಿಯಾಗಿತ್ತು. ಒಂದು ಗಂಟೆಗೆ ಮೂವರೂ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತರು. ಸೊಸೆಗೆ ಊಟ ಬೇಕಿರಲಿಲ್ಲ. ಸುಮ್ಮನೆ ಮುಂದಿದ್ದ ವೈರಿನ ಸುರುಳಿಯೊಂದನ್ನು ಕೈಗೆತ್ತಿಕೊಂಡು, ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತ ಕೂತಳು. ಬೆರಳಿಗೆ ಏನೋ ಗಂಟು ಸಿಕ್ಕಿತು.

ನೋಡಿದಳು. ಕೆಂಪು ದಾರದ ಪುಟ್ಟ ಗಂಟು.

ಲ್ಯಾಪ್‌ಟಾಪ್ ತಂದ ಮೊದಲ ದಿನವೇ, ಇಸ್ತ್ರಿಯ ವೈರುಗಳ ಜೊತೆ ಕಲೆತುಹೋಗದಿರಲಿ ಎಂದು, ಚಾರ್ಜರಿನಿಂದ ಗೋಡೆಗೆ ಹೋಗುವ ವೈರಿಗೆ ಅವಳೇ ತನ್ನ ಕೈಯಾರೆ ಕೆಂಪು ದಾರ ಕಟ್ಟಿದ್ದಳು. ಅವಳು ಮೇಜಿನ ಮೇಲೆ ಕಣ್ಣಾಡಿಸಿದಳು. ದೊಡ್ಡ ಇಸ್ತ್ರಿ ಪೆಟ್ಟಿಗೆಯದು ಒಂದು. ಸಣ್ಣದರದು ಎರಡು. ಕಾಲರಿಗೆ ಅಂಟುಬಟ್ಟೆ ಒತ್ತುವ ಯಂತ್ರದ್ದು ಮೂರು. ಅವಳ ಕೈಯಲ್ಲಿದ್ದದ್ದು ನಾಲ್ಕು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ನೀರಿನ ಜಗ್ಗಿಗಾಗಿ ಈ ನಾಲ್ಕನೆಯದನ್ನು ತಾನೇ ಪಕ್ಕಕ್ಕೆ ಸರಿಸುತ್ತ ಬಂದಿದ್ದಳು!

"ಅತ್ತೆ," ಎಂದಳು, ಮೆಲ್ಲಗೆ. "ಇದು ಯಾವುದರ ವೈರು?"

"ನಿನ್ನ ಲ್ಯಾಪ್‌ಟಾಪಿನದು," ಎಂದರು ಅತ್ತೆ, ತುತ್ತು ಬಾಯಿಗಿಟ್ಟುಕೊಳ್ಳುತ್ತ. "ಇನ್ಯಾವುದರದು?"

"ನೀವು ಕಳಚ್ತೀರಾ?"

"ದಿನಾ."

ಸೊಸೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಪಂದ್ಯ ಕಟ್ಟಿದವರೂ ಇವರೇ, ವೈರು ಕಿತ್ತವರೂ ಇವರೇ! "ಅದಕ್ಕೇ ಅತ್ತೆ ಅದು ಕೆಲಸ ಮಾಡದೆ ಇರೋದು! ಒಂದೂಕಾಲಕ್ಕೆ ಅದಕ್ಕೆ ಕರೆಂಟ್ ಬೇಕು! ವಾರವೆಲ್ಲಾ ನಾನು ಬಾಯಿ ಬಡ್ಕೊಂಡೆ, ಇವರು ಸಾಕೆಟ್ ಬಿಚ್ಚಿದ್ರು, ನೀವು ಒಂದು ಮಾತು ಹೇಳ್ಬಾರದಾ?"

"ಯಾರಾದ್ರೂ ಕೇಳಿದ್ರಾ ನನ್ನ?" ಅತ್ತೆಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀನು ದೀಪ ಉರೀತಿರುತ್ತಾ ಅಂದೆ, ನಾನು ಉರೀತಿರುತ್ತೆ ಅಂದೆ. ಊಟದ ಹೊತ್ತಲ್ಲಿ ಬಿಸಿ ವಸ್ತುವಿನ ವೈರು ಗೋಡೆಯಲ್ಲಿರಲ್ಲ ಅಂತ ಈ ಮನೆಯಲ್ಲಿ ಗೊತ್ತಿಲ್ದೆ ಇರೋರು ಯಾರು? ಮೊದಲ ದಿನವೇ ಆ ಚಾರ್ಜರ್ ಮೇಲೆ ಕೈಯಿಟ್ಟು ನೋಡಿದೆ, ಜ್ವರ ಬಂದೋರ ಹಣೆ ಹಾಗೆ ಕಾದಿತ್ತು. ಅದಕ್ಕೇನಾದ್ರೂ ಆದ್ರೆ ಏನು ಗತಿ? ಮೂರು ತಿಂಗಳು ಊಟ ನಿದ್ದೆ ಬಿಟ್ಟು ನೀನು ತುಂಬಿದ್ದೆಲ್ಲಾ ಸುಟ್ಟು ಬೂದಿ ಆಗ್ತಿರಲಿಲ್ವಾ? ಇಸ್ತ್ರಿ ಪೆಟ್ಟಿಗೆಗಿಂತ ಮೊದಲು ಅದರ ವೈರೇ ಕಳಚ್ತೀನಿ ನಾನು."

ಸೊಸೆಯ ಸಿಟ್ಟು ಬಾಯಲ್ಲೇ ಉಳಿಯಿತು. ನಲವತ್ತು ದಿನ ಅವಳ ಅಳತೆಗಳನ್ನು ಕಾಪಾಡುತ್ತಿದ್ದದ್ದು ಆ ಮನೆಯಲ್ಲಿ ಒಬ್ಬರೇ, ಅದೂ ಅವುಗಳ ಬ್ಯಾಕಪ್ಪನ್ನು ದಿನವೂ ತಪ್ಪಿಸುವುದರ ಮೂಲಕ. ಇಂಥವರ ಮೇಲೆ ಹೇಗೆ ರೇಗುವುದು?

ಗಂಡ ಗಡಿಯಾರ ನೋಡಿದ. "ಒಂದೂ ಎಂಟು," ಎಂದ.

ಅತ್ತೆ ಮೇಜಿನ ಮೇಲಿನ ವೈರುಗಳನ್ನು ನೋಡಿದರು, ಸೊಸೆಯ ಮುಖ ನೋಡಿದರು. ಮೂವತ್ತು ವರ್ಷ ಒಂದು ದಿನವೂ ತಪ್ಪದ ಕಟ್ಟಳೆ. ಬ್ಯಾಂಡ್ ಮೇಷ್ಟ್ರ ಬೆನ್ನು ಇವತ್ತಿಗೂ ಅವರ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಹೆದರಿದ್ದು ಮುಖದಲ್ಲೇ ಕಾಣುತ್ತಿತ್ತು, ಆದರೂ ಎದ್ದರು. ಕೆಂಪು ದಾರದ ವೈರನ್ನು ಒಂದು ಕೈಯಲ್ಲಿ, ಊಟದ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

"ಹಾಕ್ತೀನಿ. ಆದ್ರೆ ನಾನು ಅಲ್ಲೇ ಕೂತ್ಕೋತೀನಿ. ನೀವಿಬ್ರೂ ಈ ಕಡೆ ಬರ್ಬೇಡಿ, ಆಮೇಲೆ ತಿವಿದ್ರು ಅನ್ನೋ ಮಾತು ಬರುತ್ತೆ."

ಹೀಗೆ ಅತ್ತೆ ಜೀವಮಾನದಲ್ಲಿ ಮೊದಲ ಬಾರಿಗೆ ಸೊಸೆಯ ಸ್ಟೂಲಿನ ಮೇಲೆ ಕೂತರು. ಬಾಗಿಲ ಸಂದಿಯಲ್ಲಿ ಮೇಲೊಂದು ಕೆಳಗೊಂದು ಕಣ್ಣಿಟ್ಟು ಗಂಡ ಹೆಂಡತಿ ನೋಡುತ್ತಿದ್ದರು. ಸ್ಟೂಲು ಎಷ್ಟು ಗಿಡ್ಡವಿತ್ತೆಂದರೆ ಅತ್ತೆಯ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಊಟದ ಡಬ್ಬಿ ಇಡಲು ಜಾಗ ಹುಡುಕಿದರು, ಸಿಗಲಿಲ್ಲ. ತೊಡೆಯ ಮೇಲಿಟ್ಟುಕೊಂಡರು. ನಿನ್ನೆ ಸೂಜಿ ಕಿತ್ತ ಪರದೆ ಫ್ಯಾನಿನ ಗಾಳಿಗೆ ತೂಗಿ ಬಂದು ಅವರ ಮುಖದ ಮೇಲೆ ಒಂದು ಬಾರಿಸಿತು. ಅತ್ತೆ ಬೆಚ್ಚಿ ಹಿಂದಕ್ಕೆ ತಿರುಗಿದರು. ಅದು ಇನ್ನೊಂದು ಬಾರಿಸಿತು. ತುತ್ತಿನಲ್ಲಿ ಏನೋ ಸಿಕ್ಕಿ, ಕಲ್ಲೋ ಕಾಳೋ ಎಂದು ನೋಡಲು ಬೆಳಕಿಗೆ ಹಿಡಿಯಹೋದರು. ಬೆಳಕು ಇರಲಿಲ್ಲ.

ಒಂದೂಕಾಲಾಯಿತು. ಕರಿ ಡಬ್ಬಿಯ ಮೇಲೆ ಪುಟ್ಟ ನೀಲಿ ದೀಪ ಮಿನುಗತೊಡಗಿತು. ಅತ್ತೆ ಚಾರ್ಜರಿನ ಮೇಲೆ ಎಡಗೈಯಿಟ್ಟು ಕೂತರು. ಅಲ್ಲಿಂದ ಕೈ ತೆಗೆಯಲಿಲ್ಲ. ಆಗಾಗ ಬಗ್ಗಿ ಮೂಸಿ ನೋಡುತ್ತಿದ್ದರು. ಮಧ್ಯೆ ಒಮ್ಮೆ, "ಆಯ್ತು, ಆಯ್ತು, ನಿಧಾನಕ್ಕೆ ಮಾಡು," ಎಂದು ಯಂತ್ರಕ್ಕೆ ಹೇಳಿದ್ದು ಬಾಗಿಲವರೆಗೂ ಕೇಳಿಸಿತು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಲ್ಯಾಪ್‌ಟಾಪಿನ ಹತ್ತಿರಕ್ಕೆ ಮುಖ ತಂದು, ತುಟಿ ಅಲ್ಲಾಡಿಸುತ್ತ ಏನನ್ನೋ ಓದಿದರು. ಓದಿ ಮುಗಿದ ಮೇಲೂ ಹಾಗೇ ಕೂತಿದ್ದರು.

"ಏನು ಓದ್ತಿದ್ದಾರೆ?" ಎಂದ ಗಂಡ ಪಿಸುಗುಟ್ಟುತ್ತ.

ಸೊಸೆ ತುಟಿ ಕಚ್ಚಿಕೊಂಡಳು. ಅಳತೆಯ ಪಟ್ಟಿ ತೆರೆದರೆ ಯಾವಾಗಲೂ ಮೊದಲು ಕಾಣುವುದು ಒಂದನೇ ನಂಬರು. ಟೈಪ್ ಕಲಿಯಲು ಅವಳು ಎಲ್ಲರಿಗಿಂತ ಮೊದಲು ತುಂಬಿದ್ದು ಅತ್ತೆಯದೇ. ಅದನ್ನು ಅವರು ಓದಿಯಾರೆಂದು ಅವಳು ಎಣಿಸಿರಲೇ ಇಲ್ಲ.

ಒಂದೂ ಮೂವತ್ತಾರಕ್ಕೆ ನೀಲಿ ದೀಪ ನಿಂತಿತು. ಬ್ಯಾಕಪ್ ಪೂರ್ತಿಯಾಯಿತು ಎಂದು ಲ್ಯಾಪ್‌ಟಾಪಿನ ಮೇಲೆ ಬಂತು. ಸಾವಿರದ ಆರುನೂರ ನಲವತ್ತು ಜನ, ತಮ್ಮ ತಮ್ಮ ಸೊಂಟ ಷರಾಗಳ ಸಮೇತ, ಕರಿ ಡಬ್ಬಿಯೊಳಗೆ ಇಳಿದಿದ್ದರು. ಸೊಸೆ ಕುಣಿಯುವುದೊಂದು ಬಾಕಿ.

"ಆದ್ರೆ ಅಮ್ಮ, ತಾನಾಗಿ ಮಾಡ್ಬೇಕು ಅಂತ ಇತ್ತಲ್ಲ," ಎಂದ ಗಂಡ ಕೀಟಲೆಗೆ. "ನೀವು ಪಕ್ಕದಲ್ಲೇ ಕೂತಿದ್ರಿ."

"ನಾನು ಕೂತಿದ್ದು ಕಾವಲಿಗೆ. ಕೆಲಸ ಮಾಡಿದ್ದು ಅದೇ. ನೀನು ಬಾಯಿ ಮುಚ್ಕೊಂಡು ಸೂಜಿ ಕಚ್ಕೋ." ಅತ್ತೆ ಸ್ಟೂಲಿನಿಂದ ಏಳಲು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ಸೊಸೆಯ ಕೈ ಹಿಡಿದು ಎದ್ದರು. ಸೊಂಟ ಹಿಡಿದುಕೊಂಡು ಸ್ಟೂಲನ್ನು, ಪರದೆಯನ್ನು ಒಂದು ಸಲ ನೋಡಿದರು. "ಮೂರು ವರ್ಷ ಇಲ್ಲಿ ಕೂತಿದ್ದೀಯಾ? ಒಂದು ದಿನ ಹೇಳ್ಬಾರದಾ ನಂಗೆ?"

"ಯಾರಾದ್ರೂ ಕೇಳಿದ್ರಾ ನನ್ನ?" ಎಂದಳು ಸೊಸೆ.

ಅತ್ತೆ ಸ್ಟೂಲನ್ನು ಕಾಲಿನಿಂದಲೇ ಮೂಲೆಗೆ ತಳ್ಳಿದರು.

ಮೂರಕ್ಕೆ ಸರಿಯಾಗಿ ಬಡಗಿ ಹೆಗಲ ಮೇಲೆ ಹಲಗೆ ಹೊತ್ತು ಬಂದ. ಅತ್ತೆ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, "ಆ ಹಲಗೆನ ಮೇಜಿಗೆ ಹಾಕು. ಕಪಾಟು ಬಿಚ್ಚು," ಎಂದರು. ಅವನು ಒಂದು ತಾಸು ದಡಬಡ ಎನ್ನಿಸಿ ಕಪಾಟು ಬಿಚ್ಚಿ, ಕಿಟಕಿಯ ಕೆಳಗೆ ಮೇಜು ಹಾಕಿದ. ಬೆಳಕು ಮೊದಲ ಬಾರಿಗೆ ಅಂಗಡಿಯ ಹಿಂದಿನ ಗೋಡೆಯವರೆಗೂ ಹೋಯಿತು. ಗೋಡೆಗೆ ಹಸಿರು ಬಣ್ಣ ಬಳಿದಿದ್ದರೆಂಬುದು ಸೊಸೆಗೆ ಅಂದೇ ಗೊತ್ತಾದದ್ದು.

ಬಡಗಿ ಹೋದ ಮೇಲೆ ಸೊಸೆ ಲ್ಯಾಪ್‌ಟಾಪನ್ನು ಹೊಸ ಮೇಜಿನ ಮೇಲಿಟ್ಟಳು. ಒಂದನೇ ನಂಬರು ಇನ್ನೂ ತೆರೆದೇ ಇತ್ತು. ‘ಅತ್ತೆ. ಎದೆ ಮೂವತ್ತೆಂಟು, ಸೊಂಟ ಮೂವತ್ತಾರು, ಎರಡೂ ಕಣ್ಣಂದಾಜು. ಷರಾ: ಊರಿನವರ ಅಳತೆಯೆಲ್ಲ ತೆಗೆಯುತ್ತಾರೆ, ತಮ್ಮದು ಕೊಡುವುದಿಲ್ಲ. ಬಲ ಭುಜ ಎಡಕ್ಕಿಂತ ಅರ್ಧ ಇಂಚು ತಗ್ಗು, ಇಷ್ಟು ವರ್ಷ ದೊಡ್ಡ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ. ಹೇಳಬಾರದು. ಹೊಲಿಯುವಾಗ ಮರೆಯಬಾರದು.’

ಅತ್ತೆ ಅವಳ ಹಿಂದೆ ಬಂದು ನಿಂತಿದ್ದರು. ಕೊರಳಿನಿಂದ ಟೇಪು ತೆಗೆದು, ಯಾರಿಗೂ ಎಂದೂ ಕೊಡದ ಆ ಟೇಪನ್ನು, ಸೊಸೆಯ ಕೈಗಿಟ್ಟರು.

"ಸೊಂಟ ಎರಡು ಇಂಚು ಜಾಸ್ತಿ ಬರೆದಿದ್ದೀಯ," ಎಂದರು. "ಅಂದಾಜಿನ ಲೆಕ್ಕ ಇಡಬಾರದು. ತೆಗಿ, ಸರಿಯಾಗಿ ತೆಗಿ."

ಸೊಸೆ ಟೇಪು ಹಿಡಿದು ಬಗ್ಗಿದಳು. ಕಣ್ಣು ಮಂಜಾಗಿ ಅಂಕಿ ಕಾಣಲು ಒಂದು ಕ್ಷಣ ಬೇಕಾಯಿತು, ಅಷ್ಟು ಬೆಳಕಿದ್ದರೂ. ಅತ್ತೆ ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ಕಿಟಕಿಯ ಹೊರಗೆ ನೋಡುತ್ತ, ನೆಟ್ಟಗೆ ನಿಂತಿದ್ದರು. ಎದೆ ಉಬ್ಬಿತ್ತು, ಹೊಟ್ಟೆ ಒಳಹೋಗಿತ್ತು, ಮುಖ ನಿಧಾನವಾಗಿ ಕೆಂಪಾಗುತ್ತಿತ್ತು.

ಸೊಸೆ ಅಳತೆಯನ್ನು ಟೈಪ್ ಮಾಡಿದಳು, ಅದಕ್ಕೆ ಸದ್ದಿಲ್ಲದೆ ಒಂದೂವರೆ ಇಂಚು ಸೇರಿಸಿದಳು.